ಇಪ್ಪತ್ತೆರಡು ದಿನಗಳ ಯುದ್ಧ, ಕೊಡಗಿನ ಇಬ್ಬರು ವೈಮಾನಿಕರು

1965ರ ಸೆಪ್ಟೆಂಬರ್ 1ರ ಸಂಜೆ ಭಾರತೀಯ ವಾಯುಪಡೆ ಪಾಕಿಸ್ತಾನದ ವಿರುದ್ಧ ಯುದ್ಧಕ್ಕೆ ಇಳಿಯಿತು. ಸೆಪ್ಟೆಂಬರ್ 23ರ ನಸುಕಿನ ಮೂರೂವರೆಗೆ ಕದನವಿರಾಮ ಜಾರಿಗೆ ಬಂತು. ಆ ಇಪ್ಪತ್ತೆರಡು ದಿನಗಳಲ್ಲಿ ಕೊಡಗಿನ ಇಬ್ಬರು ಯುದ್ಧವಿಮಾನ ಪೈಲಟ್‌ಗಳು ಪಂಜಾಬಿನ ಆಕಾಶದಲ್ಲಿ ಹೊಡೆತ ತಿಂದು ಶತ್ರುವಿನ ನೆಲಕ್ಕೆ ಬಿದ್ದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಸರ್ಗೋಧಾ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಮರಳಲಿಲ್ಲ. ಸೆಪ್ಟೆಂಬರ್ 22ರಂದು, ಯುದ್ಧದ ಕೊನೆಯ ದಿನ, ಕಸೂರಿನ ಮೇಲೆ ಹಾರುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಕೊಡಂದೇರ ಸಿ. ಕಾರ್ಯಪ್ಪ ಉರಿಯುತ್ತಿದ್ದ ವಿಮಾನದಿಂದ ಹೊರಚಿಮ್ಮಿ ಪಾಕಿಸ್ತಾನದ ಕೈಗೆ ಸೆರೆಸಿಕ್ಕರು.

ಎರಡನೆಯವರ ಸುದ್ದಿ ಕೆಲವೇ ದಿನಗಳಲ್ಲಿ ಉಪಖಂಡದ ತುಂಬ ಹರಡಿತು. ಅವರ ತಂದೆ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಜನರಲ್ ಕೆ.ಎಂ. ಕಾರ್ಯಪ್ಪ. ಮೊದಲನೆಯವರು ಏನಾದರೆಂದು ಅವರ ಸ್ಕ್ವಾಡ್ರನ್ನಿಗೂ ತಿಳಿಯಲಿಲ್ಲ. ಅವರ ಎದೆಗಾರಿಕೆಗೆ ದೇಶದ ಮನ್ನಣೆ ಸಿಗಲು ಇಪ್ಪತ್ಮೂರು ವರ್ಷ ಹಿಡಿಯಿತು. ಈ ಎರಡು ಬದುಕುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮಾತ್ರ 1965ರ ಆ ಸೆಪ್ಟೆಂಬರ್ ನಮಗೆ ಪೂರ್ತಿಯಾಗಿ ಅರ್ಥವಾಗುತ್ತದೆ.

ದಂಡನಾಯಕನ ಮನೆಯ ಹುಡುಗ

ಕೊಡಗು ಚಿಕ್ಕ ಜಿಲ್ಲೆ. ಆದರೆ ಭಾರತದ ಸೇನಾ ಇತಿಹಾಸ ಬರೆಯುವವರು ಅದರ ಹೆಸರನ್ನು ಮತ್ತೆ ಮತ್ತೆ ಬರೆಯಲೇಬೇಕು. ಕೊಡವರ ಒಕ್ಕಗಳಲ್ಲಿ, ಅಂದರೆ ಮನೆತನಗಳಲ್ಲಿ, ಮನೆಗೊಬ್ಬರಾದರೂ ಸೇನೆಗೆ ಹೋಗುವುದು ತಲೆಮಾರುಗಳ ರೂಢಿ. ಆ ರೂಢಿಗೆ ಅತ್ಯುನ್ನತ ಗೌರವ ತಂದವರು ಕೊಡಂದೇರ ಕಾರ್ಯಪ್ಪ. 1949ರ ಜನವರಿ 15ರಂದು ಅವರು ಬ್ರಿಟಿಷ್ ಅಧಿಕಾರಿಯಿಂದ ಸೇನೆಯ ಆಡಳಿತ ವಹಿಸಿಕೊಂಡರು. ಆ ದಿನವೇ ಇಂದಿಗೂ ನಮ್ಮ ಸೇನಾ ದಿನ.

ಅವರ ಮಗನನ್ನು ಮನೆಯವರೂ ಗೆಳೆಯರೂ ಕರೆಯುತ್ತಿದ್ದದ್ದು ನಂದಾ ಎಂದು. ತಂದೆ ಸೇನೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಮಗ ದೆಹಲಿಯಲ್ಲಿ ಶಾಲೆಗೆ ಹೋಗುವ ಹುಡುಗ. ತಂದೆಯ ಬಗ್ಗೆ ನಂದಾ ನೆನಪಿಸಿಕೊಳ್ಳುವ ಒಂದು ಪ್ರಸಂಗವಿದೆ. ಒಂದು ದಿನ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಸೇನೆಯ ವಾಹನ ಬರಲಿಲ್ಲ. ತಂದೆಯ ಸಹಾಯಕ ಅಧಿಕಾರಿಯೊಬ್ಬರು ಸರ್ಕಾರಿ ಕಾರಿನಲ್ಲಿ ಮಕ್ಕಳನ್ನು ಕಳಿಸಿದರು. ವಿಷಯ ತಿಳಿದ ಜನರಲ್ ಕಿಡಿಕಿಡಿಯಾದರು. ಸರ್ಕಾರದ ಕಾರು ಸರ್ಕಾರದ ಕೆಲಸಕ್ಕೆ ಮಾತ್ರ ಎಂದು ಸಿಬ್ಬಂದಿಗೆ ಹೇಳಿ, ಆ ಪ್ರಯಾಣದ ಖರ್ಚನ್ನು ತಮ್ಮ ಸ್ವಂತ ಲೆಕ್ಕಕ್ಕೆ ಹಾಕಿಸಿದರು. ಈ ಮನುಷ್ಯ ಹದಿನಾರು ವರ್ಷದ ನಂತರ, ಮಗ ಶತ್ರುವಿನ ಸೆರೆಯಲ್ಲಿದ್ದಾಗ, ಏನು ಉತ್ತರ ಕೊಡಬಹುದು ಎಂಬುದಕ್ಕೆ ಸುಳಿವು ಇಲ್ಲಿಯೇ ಇದೆ.

ತಂದೆ ರಜಪೂತ್ ರೆಜಿಮೆಂಟಿನವರು, ಕಾಲಾಳು ಪಡೆಯ ಸೈನಿಕ. ಮಗ ಆಯ್ದುಕೊಂಡದ್ದು ಆಕಾಶ. 1950ರ ದಶಕದ ಕೊನೆಯಲ್ಲಿ ನಂದಾ ವಾಯುಪಡೆ ಸೇರಿದಾಗ ಆ ಪಡೆ ಬೆಳೆಯುವ ವಯಸ್ಸಿನಲ್ಲಿತ್ತು. 1932ರ ಅಕ್ಟೋಬರ್ 8ರಂದು ಬೆರಳೆಣಿಕೆಯ ಅಧಿಕಾರಿಗಳೊಂದಿಗೆ ಹುಟ್ಟಿದ ಪಡೆ ಅದು. ಅದಕ್ಕೆ ಮೊದಲ ಭಾರತೀಯ ಮುಖ್ಯಸ್ಥರು ಬಂದದ್ದು 1954ರ ಏಪ್ರಿಲ್ 1ರಂದು, ಸುಬ್ರತೊ ಮುಖರ್ಜಿ ಅವರು ಅಧಿಕಾರ ವಹಿಸಿಕೊಂಡಾಗ. ಮುಂದಿನ ಕೆಲವು ವರ್ಷಗಳಲ್ಲಿ ಫ್ರಾನ್ಸಿನಿಂದ ಮಿಸ್ಟೇರ್, ಬ್ರಿಟನ್ನಿನಿಂದ ಹಂಟರ್ ಮತ್ತು ಕ್ಯಾನ್‌ಬೆರಾ ವಿಮಾನಗಳು ಬಂದವು. ಪುಟ್ಟ ನ್ಯಾಟ್ ವಿಮಾನವನ್ನು ಬೆಂಗಳೂರಿನ ಕಾರ್ಖಾನೆಯಲ್ಲೇ ಕಟ್ಟುವ ಕೆಲಸ ಶುರುವಾಯಿತು. ಪ್ರೊಪೆಲ್ಲರ್ ಕಾಲದಿಂದ ಜೆಟ್ ಕಾಲಕ್ಕೆ ಒಂದೇ ದಶಕದಲ್ಲಿ ದಾಟಿದ ಆ ತಲೆಮಾರಿನ ಪೈಲಟ್‌ಗಳು ಹಾರುತ್ತಲೇ ಕಲಿತರು, ಕಲಿಯುತ್ತಲೇ ಕಲಿಸಿದರು.

ಹಾಗೆ ಕಲಿಸುತ್ತಿದ್ದವರಲ್ಲಿ ಒಬ್ಬರು ಅಜ್ಜಮಾಡ ದೇವಯ್ಯ. ವಾಯುಪಡೆ ಹುಟ್ಟಿದ ವರ್ಷವೇ, 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ ಹುಟ್ಟಿದವರು. 1954ರಲ್ಲಿ ಪೈಲಟ್ ಅಧಿಕಾರಿಯಾದರು. ಜೊತೆಯವರು ಅವರನ್ನು ಪ್ರೀತಿಯಿಂದ ಟಬ್ಬಿ ಎನ್ನುತ್ತಿದ್ದರು. ಯುದ್ಧ ಶುರುವಾಗುವ ಹೊತ್ತಿಗೆ ಅವರು ವಾಯುಪಡೆಯ ಹಾರಾಟದ ಕಾಲೇಜಿನಲ್ಲಿ ತರಬೇತುದಾರರು. ಯುದ್ಧ ಅವರನ್ನು ಆದಂಪುರ ವಾಯುನೆಲೆಗೆ, ಒಂದನೇ ಸ್ಕ್ವಾಡ್ರನ್ನಿಗೆ ಕರೆತಂದಿತು. 'ಟೈಗರ್ಸ್' ಎಂದು ಹೆಸರಾದ ಆ ಸ್ಕ್ವಾಡ್ರನ್ ಮಿಸ್ಟೇರ್ ವಿಮಾನಗಳದ್ದು, ಅದರ ನಾಯಕ ವಿಂಗ್ ಕಮಾಂಡರ್ ಒ.ಪಿ. ತನೇಜಾ.

ಯುದ್ಧ ಬಂದ ಬಗೆ

ಆಗಸ್ಟ್ ತಿಂಗಳಲ್ಲಿ ಪಾಕಿಸ್ತಾನ ಕಾಶ್ಮೀರದೊಳಗೆ ನುಸುಳುಕೋರರನ್ನು ಕಳಿಸಿತ್ತು. ಅಲ್ಲಿ ದಂಗೆ ಏಳಲಿಲ್ಲ. ಆಗ ಸೆಪ್ಟೆಂಬರ್ 1ರಂದು ಛಾಂಬ್ ಪ್ರದೇಶದಲ್ಲಿ ಪ್ಯಾಟನ್ ಟ್ಯಾಂಕುಗಳನ್ನು ನುಗ್ಗಿಸಿತು. ಅಖ್ನೂರಿನ ಸೇತುವೆ ಕೈತಪ್ಪಿದರೆ ಜಮ್ಮುವಿನ ಪಶ್ಚಿಮ ಭಾಗದ ಸೇನೆಗೆ ಸಂಪರ್ಕವೇ ಕಡಿಯುತ್ತಿತ್ತು. ರಕ್ಷಣಾ ಸಚಿವ ವೈ.ಬಿ. ಚವಾಣ್ ಅವರ ಮುಂದೆ ಸೇನಾ ಮುಖ್ಯಸ್ಥ ಜನರಲ್ ಜೆ.ಎನ್. ಚೌಧುರಿ ವಾಯುಪಡೆಯ ನೆರವು ಕೇಳಿದರು. ವಾಯುಪಡೆಯ ಮುಖ್ಯಸ್ಥ ಏರ್ ಮಾರ್ಷಲ್ ಅರ್ಜನ್ ಸಿಂಗ್ ತಡಮಾಡಲಿಲ್ಲ. ಆ ಸಂಜೆಯೇ ಪಠಾಣ್‌ಕೋಟಿನಿಂದ ವ್ಯಾಂಪೈರ್ ಮತ್ತು ಮಿಸ್ಟೇರ್ ವಿಮಾನಗಳು ಎದ್ದವು. ಹಳೆಯ ವ್ಯಾಂಪೈರ್‌ಗಳು ಪಾಕಿಸ್ತಾನದ ಸೇಬರ್ ಜೆಟ್‌ಗಳಿಗೆ ಬಲಿಯಾದವು. ಮೊದಲ ದಿನವೇ ಕಲಿತ ಪಾಠ ಕಹಿಯಾಗಿತ್ತು.

ಸೆಪ್ಟೆಂಬರ್ 6ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರ ಸರ್ಕಾರದ ನಿರ್ಧಾರದಂತೆ ಭಾರತದ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನ ಕಡೆ ಹೊರಟಿತು. ಅದೇ ಸಂಜೆ ಪಾಕಿಸ್ತಾನದ ವಾಯುಪಡೆ ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳ ಮೇಲೆ ಎರಗಿತು. ಪಠಾಣ್‌ಕೋಟಿನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳು ಸುಟ್ಟುಹೋದವು. ಇದಕ್ಕೆ ಉತ್ತರ ಕೊಡಬೇಕಿತ್ತು. ಉತ್ತರಕ್ಕೆ ಆರಿಸಿದ ಗುರಿ ಸರ್ಗೋಧಾ. ಅದು ಪಾಕಿಸ್ತಾನದ ಅತಿ ಬಲಿಷ್ಠ ವಾಯುನೆಲೆ. ಅಲ್ಲಿ ಸೇಬರ್‌ಗಳ ಜೊತೆ ಅಮೆರಿಕದ ಸ್ಟಾರ್‌ಫೈಟರ್‌ಗಳೂ ಇದ್ದವು. ಶಬ್ದದ ಎರಡರಷ್ಟು ವೇಗ ಮುಟ್ಟಬಲ್ಲ ಆ ವಿಮಾನಕ್ಕೆ ಸರಿಸಾಟಿಯಾದದ್ದು ಭಾರತದ ಮುಂಚೂಣಿ ಸ್ಕ್ವಾಡ್ರನ್‌ಗಳಲ್ಲಿ ಬಹುತೇಕ ಇರಲಿಲ್ಲ.

ಸೆಪ್ಟೆಂಬರ್ 7: ಸರ್ಗೋಧಾ

ಆದಂಪುರದಿಂದ ಸರ್ಗೋಧಾಕ್ಕೆ ನೇರ ದೂರ ಸುಮಾರು 300 ಕಿಲೋಮೀಟರ್. ಆಯುಧದ ಭಾರ ಹೊತ್ತು, ರಡಾರಿಗೆ ಕಾಣದಂತೆ ನೆಲಕ್ಕೆ ತಾಗಿದಂತೆ ಹಾರಿದರೆ ಜೆಟ್ ವಿಮಾನ ಇಂಧನವನ್ನು ವಿಪರೀತ ಕುಡಿಯುತ್ತದೆ. ಮಿಸ್ಟೇರ್‌ಗೆ ಅದು ಶಕ್ತಿಯ ಕೊನೆಯ ಅಂಚು. ಹೋಗಿ, ಹೊಡೆದು, ನೇರ ದಾರಿಯಲ್ಲಿ ಮರಳಿದರೆ ಮಾತ್ರ ಇಂಧನ ಸಾಕಾಗುತ್ತಿತ್ತು. ದಾರಿಯಲ್ಲಿ ಶತ್ರು ವಿಮಾನದೊಂದಿಗೆ ಕಾದಾಟಕ್ಕೆ ನಿಂತರೆ ಮನೆ ಮುಟ್ಟುವ ಭರವಸೆ ಇರಲಿಲ್ಲ. ಮಿಸ್ಟೇರ್‌ನಲ್ಲಿ ದಾರಿ ತೋರುವ ರಡಾರೂ ಇಲ್ಲ. ನಕ್ಷೆ, ದಿಕ್ಸೂಚಿ, ಗಡಿಯಾರ ಇಷ್ಟೇ ಆಸರೆ. ಹೊರಡುವ ಹೊತ್ತು ಇನ್ನೂ ಕತ್ತಲು.

ಯೋಜನೆಯಲ್ಲಿದ್ದದ್ದು ಹನ್ನೆರಡು ವಿಮಾನಗಳು. ಯಾವುದಾದರೂ ವಿಮಾನ ಕೆಟ್ಟರೆ ಅದರ ಜಾಗ ತುಂಬಲು ಮೀಸಲು ಪೈಲಟ್‌ಗಳನ್ನು ಇಟ್ಟುಕೊಂಡಿದ್ದರು. ದೇವಯ್ಯ ಆ ಮೀಸಲಿನವರು. ಎಲ್ಲವೂ ಸರಿಯಾಗಿ ನಡೆದಿದ್ದರೆ ಅವರು ಆ ಬೆಳಿಗ್ಗೆ ಆದಂಪುರದಲ್ಲೇ ಉಳಿಯುತ್ತಿದ್ದರು. ಒಂದು ವಿಮಾನ ಹಿಂದೆ ಸರಿಯಿತು. ದೇವಯ್ಯ ಆ ಜಾಗಕ್ಕೆ ಹೋದರು.

ದಾಳಿ ಮುಗಿಸಿ ಮಿಸ್ಟೇರ್‌ಗಳು ಹೊರಳಿದಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಅವುಗಳ ಬೆನ್ನು ಹತ್ತಿತು. ಕೊನೆಯಲ್ಲಿದ್ದ ದೇವಯ್ಯನವರ ವಿಮಾನ ಅದರ ಕಣ್ಣಿಗೆ ಬಿತ್ತು. ಹುಸೇನ್ ಬಿಟ್ಟ ಕ್ಷಿಪಣಿ ತಾಗಲಿಲ್ಲ. ನಂತರ ಸಿಡಿಸಿದ ಗುಂಡುಗಳು ತಾಗಿದವು. ಮಿಸ್ಟೇರ್ ಮುಗಿಯಿತೆಂದು ಬಗೆದು ಹುಸೇನ್ ಉಳಿದ ವಿಮಾನಗಳ ಕಡೆ ತಿರುಗಿದರು.

ಗಾಯಗೊಂಡ ಆ ವಿಮಾನ ಇನ್ನೂ ಹಾರುತ್ತಿತ್ತು. ಆ ಕ್ಷಣದಲ್ಲಿ ದೇವಯ್ಯನವರಿಗಿದ್ದ ದಾರಿಗಳನ್ನು ಲೆಕ್ಕ ಹಾಕಿ ನೋಡಿ. ಪೂರ್ವಕ್ಕೆ ಮುಖ ಮಾಡಿ ಗಡಿ ದಾಟಲು ಯತ್ನಿಸಬಹುದಿತ್ತು. ವಿಮಾನ ಬಿಟ್ಟು ಪ್ಯಾರಾಚೂಟಿನಲ್ಲಿ ಇಳಿಯಬಹುದಿತ್ತು. ಹಾಗೆ ಮಾಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಸ್ಟಾರ್‌ಫೈಟರ್ ಮೇಲೆ ತಿರುಗಿಬಿದ್ದರು. ಆ ವಿಮಾನ ಸಹಪೈಲಟ್‌ಗಳ ಹಿಂದೆ ಬಿದ್ದಿತ್ತು, ಅವರಲ್ಲಿ ಕಾದಾಡಲು ಇಂಧನವಿರಲಿಲ್ಲ.

ಸ್ಟಾರ್‌ಫೈಟರ್‌ನ ಬಲ ಅದರ ವೇಗದಲ್ಲಿತ್ತು. ಅದರ ರೆಕ್ಕೆಗಳು ಗಿಡ್ಡ. ಬೇಗನೆ ಹೊರಳಬೇಕಾದಲ್ಲಿ ಅದಕ್ಕೆ ಅಗಲವಾದ ಜಾಗ ಬೇಕು. ವೇಗ ಇಳಿಸಿ, ನೆಲಮಟ್ಟದಲ್ಲಿ ತಿರುಗುವ ಕಾದಾಟಕ್ಕೆ ಅದು ಬಂದರೆ ನಿಧಾನದ ಮಿಸ್ಟೇರ್‌ಗೆ ಒಂದು ಅವಕಾಶ ಸಿಗುತ್ತದೆ. ತರಬೇತುದಾರರಾಗಿದ್ದ ದೇವಯ್ಯನವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮಿಸ್ಟೇರ್‌ನ 30 ಮಿಲಿಮೀಟರ್ ಫಿರಂಗಿಗಳ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ವಿಮಾನ ಹತೋಟಿ ತಪ್ಪಿತು, ಹುಸೇನ್ ಹೊರಚಿಮ್ಮಿ ಜೀವ ಉಳಿಸಿಕೊಂಡರು. ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ಒಂದು ವಿಮಾನ, ಅದೂ ಮೊದಲೇ ಗುಂಡು ತಿಂದದ್ದು, ಪಾಕಿಸ್ತಾನದ ಅತ್ಯಾಧುನಿಕ ಯುದ್ಧವಿಮಾನವನ್ನು ಕೆಡವಿತು.

ದೇವಯ್ಯ ಮನೆಗೆ ಬರಲಿಲ್ಲ. ಪಾಕಿಸ್ತಾನದ ಹೊಲವೊಂದರಲ್ಲಿ ಸಿಕ್ಕ ಅವರ ದೇಹವನ್ನು ಅಲ್ಲಿನ ಹಳ್ಳಿಗರು ಮಣ್ಣುಮಾಡಿದರೆಂಬ ಸುದ್ದಿ ಬಹಳ ಕಾಲದ ನಂತರ ಬಂತು. ಆ ಬೆಳಿಗ್ಗೆ ಆದಂಪುರಕ್ಕೆ ಮರಳಿದ ಯಾವ ಪೈಲಟ್ಟೂ ಈ ಕಾದಾಟವನ್ನು ಕಣ್ಣಾರೆ ಕಂಡಿರಲಿಲ್ಲ. ದಾಖಲೆಯಲ್ಲಿ ದೇವಯ್ಯ ಕಾಣೆಯಾದವರ ಪಟ್ಟಿ ಸೇರಿದರು.

ಸೆಪ್ಟೆಂಬರ್ 22: ಕಸೂರು

ಹದಿನೈದು ದಿನ ಕಳೆದವು. ಖೇಮಕರಣ್ ಕಡೆ ಅಸಲ್ ಉತ್ತರ್ ಹಳ್ಳಿಯ ಕಬ್ಬಿನ ಹೊಲಗಳಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಸಾಲುಸಾಲಾಗಿ ಸುಟ್ಟು ನಿಂತವು. ಆದರೂ ಖೇಮಕರಣ್ ಪಟ್ಟಣ ಇನ್ನೂ ಪಾಕಿಸ್ತಾನದ ಕೈಯಲ್ಲೇ ಇತ್ತು. ಅದರ ಎದುರು, ಗಡಿಯಾಚೆ ಇರುವ ಊರು ಕಸೂರು. ಕದನವಿರಾಮದ ಮಾತು ಮುಗಿಯುತ್ತ ಬಂದಿತ್ತು. ಗೆರೆ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ನೆಲ ತಮ್ಮದು ಎಂಬ ಹಟದಲ್ಲಿ ಎರಡೂ ಕಡೆಯವರು ಕೊನೆಯ ಗಂಟೆಗಳ ತನಕ ಕಾದಾಡಿದರು.

20ನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನಗಳ ಒಂದು ತಂಡ ಅಂದು ಆ ಪ್ರದೇಶದ ಮೇಲೆ ದಾಳಿಗೆ ಹೋಯಿತು. ತಂಡದ ನಾಯಕ ನಂದಾ ಕಾರ್ಯಪ್ಪ. ಜೊತೆಗೆ ಎ.ಎಸ್. ಸೆಹಗಲ್ ಮತ್ತು ಕುಕ್ಕೆ ಸುರೇಶ್. ನೆಲದ ಮೇಲಿನ ಗುರಿಗಳಿಗೆ ಹೊಡೆಯುವ ಪೈಲಟ್ ಇಳಿಜಾರಾಗಿ ಬಂದು, ಗುರಿಯ ಮೇಲೆ ಕೆಲವು ಕ್ಷಣ ನೇರವಾಗಿ ಹಾರಲೇಬೇಕು. ವಿಮಾನ ನಿರೋಧಕ ತೋಪುಗಳವರು ಕಾಯುವುದು ಆ ಕ್ಷಣಗಳಿಗೇ. ಒಂದು ಸಲ ಹೊಡೆದು ಹೋದರೆ ಅಪಾಯ ಕಡಿಮೆ. ಮತ್ತೆ ಮತ್ತೆ ಅದೇ ಗುರಿಗೆ ಬಂದರೆ ಕೆಳಗಿನವರು ಎತ್ತರವನ್ನೂ ದಾರಿಯನ್ನೂ ಅಳೆದಿಟ್ಟಿರುತ್ತಾರೆ. ಸೆಹಗಲ್ ಅವರ ವಿಮಾನಕ್ಕೆ ಮೊದಲು ಪೆಟ್ಟು ಬಿತ್ತು, ಅವರು ಹಿಂದಿರುಗಬೇಕಾಯಿತು. ನಂದಾ ಮತ್ತು ಸುರೇಶ್ ದಾಳಿ ಮುಂದುವರಿಸಿದರು.

ಕೊನೆಗೆ ತೋಪಿನ ಗುಂಡು ನಂದಾ ಅವರ ಹಂಟರ್‌ಗೂ ತಾಗಿತು. ವಿಮಾನಕ್ಕೆ ಬೆಂಕಿ ಹತ್ತಿತು. ಹೊರಗೆ ಹಾರಲು ಸುರೇಶ್ ರೇಡಿಯೋದಲ್ಲಿ ಕೂಗಿ ಹೇಳಿದರು. ನಂದಾ ಆಸನದ ಹಿಡಿಕೆ ಎಳೆದರು.

ಯುದ್ಧವಿಮಾನದ ಆ ಆಸನವನ್ನು ಮೇಲಕ್ಕೆ ಚಿಮ್ಮಿಸುವುದು ಮದ್ದಿನ ಸ್ಫೋಟ. ಕಣ್ಣು ಮಿಟುಕಿಸುವಷ್ಟರಲ್ಲಿ ಪೈಲಟ್ ದೇಹದ ಮೇಲೆ ಅವರ ತೂಕದ ಹತ್ತಾರು ಪಟ್ಟು ಭಾರ ಬೀಳುತ್ತದೆ. ಅದನ್ನೆಲ್ಲ ಹೊರುವುದು ಬೆನ್ನೆಲುಬು. ಎತ್ತರ ಕಡಿಮೆಯಿದ್ದಾಗ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳುವ ಮುಂಚೆಯೇ ನೆಲ ಬಂದುಬಿಡುತ್ತದೆ. ನಂದಾ ಬಿದ್ದ ರಭಸಕ್ಕೆ ಬೆನ್ನಿಗೆ ಬಲವಾದ ಪೆಟ್ಟಾಯಿತು, ಏಳಲಾಗಲಿಲ್ಲ. ಸುತ್ತ ತೋಪಿನ ಸದ್ದು. ಬಿದ್ದದ್ದು ತಮ್ಮ ಕಡೆಯ ನೆಲವೇ ಇರಬೇಕೆಂದು ಅವರಿಗೆ ಮೊದಲು ಅನ್ನಿಸಿತ್ತು. ಬಂದೂಕು ಹಿಡಿದು ಸುತ್ತುವರಿದವರು ಪಾಕಿಸ್ತಾನದ ಸೈನಿಕರು. ಕದನವಿರಾಮಕ್ಕೆ ಒಂದು ರಾತ್ರಿಯೂ ಪೂರ್ತಿ ಉಳಿದಿರಲಿಲ್ಲ.

ಸೆರೆ ಮತ್ತು ಒಂದು ಉತ್ತರ

ಯುದ್ಧಕೈದಿ ತನ್ನನ್ನು ಹಿಡಿದವರಿಗೆ ತಿಳಿಸಬೇಕಾದದ್ದು ತನ್ನ ಗುರುತು ಮಾತ್ರ: ಹೆಸರು, ದರ್ಜೆ, ಹುಟ್ಟಿದ ದಿನ, ಸೇವಾ ಸಂಖ್ಯೆ. ಜಿನೀವಾ ಒಪ್ಪಂದದ ನಿಯಮ ಅದು. ನಂದಾ ಹೇಳಿದ್ದು ಅಷ್ಟೇ. ಆದರೆ ಹೆಸರೇ ಎಲ್ಲವನ್ನೂ ಹೇಳಿಬಿಟ್ಟಿತು. ಜನರಲ್ ಕಾರ್ಯಪ್ಪನವರಿಗೆ ಏನಾಗಬೇಕು ಎಂಬ ಪ್ರಶ್ನೆ ಬಂತು. ವಿಭಜನೆಗೆ ಮುಂಚಿನ ಅವಿಭಜಿತ ಸೇನೆಯಲ್ಲಿ ಬೆಳೆದ ಪಾಕಿಸ್ತಾನದ ಹಿರಿಯ ಅಧಿಕಾರಿಗಳಿಗೆಲ್ಲ ಆ ಹೆಸರು ಗೊತ್ತು. ಅಧ್ಯಕ್ಷ ಅಯೂಬ್ ಖಾನ್ ಸ್ವತಃ ಆ ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು.

ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ಪ್ರಸಾರ ಮಾಡಿತು. ದೆಹಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಮೂಲಕ ಅಯೂಬ್ ಖಾನ್ ಹಳೆಯ ಹಿರಿಯರಿಗೆ ಮಾತು ಮುಟ್ಟಿಸಿದರು: ಮಗ ಕ್ಷೇಮವಾಗಿದ್ದಾನೆ, ಬೇಕಿದ್ದರೆ ಅವನನ್ನು ಬಿಡುಗಡೆ ಮಾಡುತ್ತೇವೆ.

ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದ ಜನರಲ್ ಕೊಟ್ಟ ಉತ್ತರ ಆ ಯುದ್ಧದ ಅತ್ಯಂತ ಪ್ರಸಿದ್ಧ ಮಾತುಗಳಲ್ಲಿ ಒಂದಾಯಿತು. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲ ತಮ್ಮ ಮಕ್ಕಳೇ, ತಮ್ಮ ಮಗನಿಗೆಂದು ಬೇರೆ ಉಪಚಾರ ಬೇಡ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಆ ಉತ್ತರದ ಸಾರ. ಬೆನ್ನು ಮುರಿದುಕೊಂಡು ಪರದೇಶದ ಸೇನಾ ಆಸ್ಪತ್ರೆಯಲ್ಲಿ ಮಲಗಿರುವ ಒಬ್ಬನೇ ಮಗನ ತಂದೆ ಹೇಳಿದ ಮಾತು ಇದು. ಇದನ್ನು ಹೇಳಲು ಅವರು ಎಷ್ಟು ತಡೆದುಕೊಂಡಿರಬೇಕು ಎಂಬುದನ್ನು ಮಕ್ಕಳಿರುವ ಪ್ರತಿಯೊಬ್ಬರೂ ಊಹಿಸಬಲ್ಲರು.

ಅಯೂಬ್ ಖಾನರ ಪತ್ನಿ ಮತ್ತು ಹಿರಿಯ ಮಗ ಆಸ್ಪತ್ರೆಗೆ ಬಂದು ನಂದಾ ಅವರನ್ನು ಕಂಡರು. ಸಿಗರೇಟನ್ನೂ ಪಿ.ಜಿ. ವುಡ್‌ಹೌಸರ ಕಾದಂಬರಿಯನ್ನೂ ಕೊಟ್ಟು ಹೋದರು. ಎರಡು ದೇಶಗಳ ಸೈನಿಕರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ವರ್ಷದಲ್ಲೇ ಇಷ್ಟು ಸೌಜನ್ಯ ಉಳಿದಿತ್ತು. ಆ ಸೌಜನ್ಯವನ್ನು ನಂದಾ ಮರೆಯಲಿಲ್ಲ, ಮರೆಮಾಚಲೂ ಇಲ್ಲ. ಮುಂದೆ ತಮ್ಮ ಬರಹಗಳಲ್ಲಿ ಅದನ್ನು ಇದ್ದಂತೆಯೇ ದಾಖಲಿಸಿದರು.

1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಆ ರಾತ್ರಿಯೇ ಶಾಸ್ತ್ರಿ ಅವರು ಅಲ್ಲಿ ತೀರಿಕೊಂಡರು. ಅದೇ ತಿಂಗಳು ಯುದ್ಧಕೈದಿಗಳ ವಿನಿಮಯ ನಡೆಯಿತು. ಸೆರೆಯಾಗಿ ನಾಲ್ಕು ತಿಂಗಳಾದ ಮೇಲೆ, ಉಳಿದ ಕೈದಿಗಳ ಜೊತೆಗೇ, ನಂದಾ ಕಾರ್ಯಪ್ಪ ಭಾರತಕ್ಕೆ ಮರಳಿದರು. ತಂದೆ ಕೇಳಿಕೊಂಡಂತೆಯೇ ಆಯಿತು: ಮೊದಲೂ ಬರಲಿಲ್ಲ, ಒಬ್ಬರೇ ಬರಲಿಲ್ಲ.

ಹೊರಳಿ ಹಾರಿದ ಬದುಕು

ಬೆನ್ನೆಲುಬಿಗೆ ಪೆಟ್ಟಾದ ಎಷ್ಟೋ ಪೈಲಟ್‌ಗಳ ಹಾರಾಟ ಅಲ್ಲಿಗೇ ಮುಗಿಯುತ್ತದೆ. ವೈದ್ಯರ ಒಂದು ಸಹಿ ಸಾಕು, ಉಳಿದ ಬದುಕೆಲ್ಲ ಮೇಜಿನ ಹಿಂದೆ. ನಂದಾ ಕಾರ್ಯಪ್ಪ ಮತ್ತೆ ಆಕಾಶಕ್ಕೆ ಹೋದರು. ನಂತರದ ವರ್ಷಗಳಲ್ಲಿ ಹೆಲಿಕಾಪ್ಟರ್‌ಗಳನ್ನೂ ಹಾರಿಸಿದರು. ಸೇವೆಗಾಗಿ ವಾಯುಸೇನಾ ಪದಕ ಪಡೆದರು. ದರ್ಜೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಏರ್ ಮಾರ್ಷಲ್ ಆದರು.

1990ರ ದಶಕದ ನಡುವೆ ಅವರು ನೈರುತ್ಯ ವಾಯು ಕಮಾಂಡಿನ ಮುಖ್ಯಸ್ಥರಾಗಿದ್ದರು. ರಾಜಸ್ಥಾನ ಮತ್ತು ಗುಜರಾತಿನ ಗಡಿಯುದ್ದದ ಆಕಾಶ ಆ ಕಮಾಂಡಿನ ಹೊಣೆ. ಒಂದು ಕಾಲಕ್ಕೆ ಪಾಕಿಸ್ತಾನದ ಆಸ್ಪತ್ರೆಯಲ್ಲಿ ಕೈದಿಯಾಗಿ ಮಲಗಿದ್ದ ಯುವಕ, ಮೂರು ದಶಕಗಳ ಹೊತ್ತಿಗೆ ಅದೇ ನೆರೆದೇಶಕ್ಕೆ ಎದುರಾಗಿ ನಿಂತ ವಾಯುನೆಲೆಗಳ ಸಾಲಿಗೆ ಆಜ್ಞೆ ಕೊಡುವ ಅಧಿಕಾರಿಯಾದರು. ಹೊಡೆತ ತಿಂದು ನೆಲಕ್ಕೆ ಬಿದ್ದವನಿಗೆ ತನ್ನ ಕೈಕೆಳಗಿನ ಪೈಲಟ್‌ಗಳನ್ನು ಯಾವ ಅಪಾಯಕ್ಕೆ ಕಳಿಸುತ್ತಿದ್ದೇನೆ ಎಂಬುದು ಕಾಗದದಿಂದ ತಿಳಿಯಬೇಕಿಲ್ಲ. ವಾಯುಪಡೆಯ ಹಿರಿಯ ಅಧಿಕಾರಿಗೆ ಇದಕ್ಕಿಂತ ದೊಡ್ಡ ಅರ್ಹತೆ ಇನ್ನೊಂದಿಲ್ಲ.

1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಅವರ ತಂದೆಗೆ ಫೀಲ್ಡ್ ಮಾರ್ಷಲ್ ದಂಡ ಸಿಕ್ಕಿತು. 1993ರ ಮೇ 15ರಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಬೆಂಗಳೂರಿನಲ್ಲಿ ನಿಧನರಾದರು. ನಿವೃತ್ತಿಯ ನಂತರ ನಂದಾ ಮಡಿಕೇರಿಗೆ, ತಂದೆ ಬಾಳಿದ 'ರೋಶನಾರಾ' ಮನೆಗೆ ಮರಳಿದರು. ತಂದೆಯ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ತಮ್ಮ ಬಗ್ಗೆ ಹೇಳುವಾಗಲೂ ಅವರು ಬಹುಪಾಲು ತಂದೆಯ ಕಥೆಯನ್ನೇ ಹೇಳುತ್ತಾರೆ. ಅವರ ಸ್ವಂತ ವೃತ್ತಿಜೀವನ ಆ ದೊಡ್ಡ ಹೆಸರಿನ ನೆರಳಿನಲ್ಲಿ ನಿಂತುಬಿಟ್ಟಿದೆ. ಕಸೂರಿನ ಮೇಲೆ ಮತ್ತೆ ಮತ್ತೆ ಇಳಿದು ದಾಳಿ ಮಾಡಿದ್ದು ಯಾರ ಮಗನೆಂಬ ಕಾರಣಕ್ಕಲ್ಲ. ಅದು ಅವರದೇ ಧೈರ್ಯ, ಅವರದೇ ಕರ್ತವ್ಯನಿಷ್ಠೆ.

ಶತ್ರು ಹೇಳಿದ ಸತ್ಯ

ಇತ್ತ ದೇವಯ್ಯನವರ ಕಥೆ ಹದಿನಾಲ್ಕು ವರ್ಷ ಮಣ್ಣಿನಲ್ಲಿ ಹೂತಿತ್ತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ, ಅದರ ದೃಷ್ಟಿಯಿಂದ ಬರೆದ ಪುಸ್ತಕ. ಸೆಪ್ಟೆಂಬರ್ 7ರ ಬೆಳಿಗ್ಗೆ ಒಂದು ಸ್ಟಾರ್‌ಫೈಟರ್ ಹೇಗೆ ಹೋಯಿತೆಂಬುದನ್ನು ಅದು ವಿವರಿಸಿತ್ತು. ಗುಂಡು ತಿಂದ ಮಿಸ್ಟೇರ್ ಒಂದು ತಿರುಗಿಬಿದ್ದು ಅಮ್ಜದ್ ಹುಸೇನರ ವಿಮಾನವನ್ನು ಹೊಡೆದಿತ್ತು. ಅದರ ಪೈಲಟ್ ಯಾರೆಂದು ಪುಸ್ತಕದವರಿಗೆ ತಿಳಿದಿರಲಿಲ್ಲ.

ಭಾರತದಲ್ಲಿ ಓದಿದವರಿಗೆ ಲೆಕ್ಕ ಸುಲಭವಾಗಿತ್ತು. ಆ ಮುಂಜಾನೆಯ ದಾಳಿಗೆ ಹೋದ ಮಿಸ್ಟೇರ್ ಪೈಲಟ್‌ಗಳಲ್ಲಿ ಮರಳದವರು ದೇವಯ್ಯ ಒಬ್ಬರೇ. ಹಾಗಿದ್ದರೆ ಸ್ಟಾರ್‌ಫೈಟರ್ ಕೆಡವಿದವರು ಅವರೇ ಆಗಿರಬೇಕು. ಅಷ್ಟು ತಿಳಿದ ಮೇಲೂ ವರ್ಷಗಳು ಉರುಳಿದವು. ಆ ದಿನ ದಾಳಿಯನ್ನು ಮುನ್ನಡೆಸಿದ್ದ ತನೇಜಾ ಸುಮ್ಮನೆ ಕೂರಲಿಲ್ಲ. ತಮ್ಮ ಸ್ಕ್ವಾಡ್ರನ್ನಿನ ಪೈಲಟ್‌ಗೆ ಸಲ್ಲಬೇಕಾದ ಗೌರವ ಸಲ್ಲಲಿ ಎಂದು ಸರ್ಕಾರಕ್ಕೆ ಬರೆದರು. 1988ರ ಏಪ್ರಿಲ್‌ನಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ನಂತರ ಸಲ್ಲುವ ಅತ್ಯುನ್ನತ ಗೌರವ ಅದು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು.

ಅಮ್ಜದ್ ಹುಸೇನರ ಬದುಕಿನಲ್ಲೂ ಇನ್ನೊಂದು ತಿರುವಿತ್ತು. 1971ರ ಡಿಸೆಂಬರ್‌ನಲ್ಲಿ ಅವರು ಅಮೃತಸರದ ರಡಾರ್ ಮೇಲೆ ದಾಳಿಗೆ ಬಂದಾಗ ನಮ್ಮ ವಿಮಾನ ನಿರೋಧಕ ತೋಪು ಅವರ ಸ್ಟಾರ್‌ಫೈಟರನ್ನು ಕೆಡವಿತು, ಅವರು ಭಾರತದ ಯುದ್ಧಕೈದಿಯಾದರು. ಆರು ವರ್ಷದ ಹಿಂದೆ ಅವರ ವಿಮಾನ ಬಿದ್ದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬಲ್ಲ ವ್ಯಕ್ತಿ ನಮ್ಮದೇ ನೆಲದಲ್ಲಿದ್ದರು. ಆ ಉತ್ತರ ನಮ್ಮ ದಾಖಲೆ ಸೇರಲು ಮತ್ತೂ ಎಂಟು ವರ್ಷ ಕಾಯಬೇಕಾಯಿತು, ಅದೂ ಬೇರೆಯವರ ಪುಸ್ತಕಕ್ಕಾಗಿ.

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. 2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಿತ್ರ 'ಸ್ಕೈ ಫೋರ್ಸ್' ಅವರ ಕಥೆಯನ್ನೇ ಆಧರಿಸಿದ್ದು. ಅದರಲ್ಲಿ ಪಾತ್ರಕ್ಕೆ ಇಟ್ಟದ್ದು ಬೇರೆ ಹೆಸರು. ಆದ್ದರಿಂದ ಅಜ್ಜಮಾಡ ದೇವಯ್ಯ ಎಂಬ ನಿಜವಾದ ಹೆಸರನ್ನು ಮಕ್ಕಳಿಗೆ ಹೇಳಿಕೊಡುವ ಕೆಲಸ ಇನ್ನೂ ನಮ್ಮ ಮೇಲಿದೆ.

ಒಂದೇ ಅಳತೆ

ಈ ಇಬ್ಬರಲ್ಲಿ ಯಾರು ದೊಡ್ಡವರು ಎಂದು ಕೇಳುವುದು ಇಬ್ಬರಿಗೂ ಮಾಡುವ ಅನ್ಯಾಯ. ಇಬ್ಬರೂ ತಮಗೆ ವಹಿಸಿದ ಕೆಲಸಕ್ಕೆ ಹೋದರು. ತಪ್ಪಿಸಿಕೊಳ್ಳಬಹುದಾದ ಕ್ಷಣದಲ್ಲಿ ಇಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಹೆಸರು ಸಿಕ್ಕೊಡನೆ ಎರಡು ದೇಶಗಳ ಮುಖಂಡರು ಎಚ್ಚೆತ್ತರು. ಇನ್ನೊಂದು ಹೆಸರು ಇಪ್ಪತ್ಮೂರು ವರ್ಷ ಕಡತದಲ್ಲಿ ಮಲಗಿತ್ತು. ಏಕೆ?

ಸೆರೆಯಲ್ಲಿದ್ದ ಮಗನ ವಿಷಯದಲ್ಲಿ ಹಳೆಯ ಜನರಲ್ ಒಂದು ಅಳತೆಯನ್ನು ಹಾಕಿಕೊಟ್ಟರು: ಸೈನಿಕರೆಲ್ಲರಿಗೂ ಒಂದೇ ನ್ಯಾಯ. ಆ ನ್ಯಾಯ ಬದುಕಿರುವವರಿಗೆ ಮಾತ್ರವಲ್ಲ, ಕಾಣೆಯಾದವರಿಗೂ ಸತ್ತವರಿಗೂ ಸಲ್ಲಬೇಕಾದದ್ದು. ಆ ಅಳತೆಯಲ್ಲಿ ನೋಡಿದರೆ ದೇವಯ್ಯನವರ ವಿಷಯದಲ್ಲಿ ದೇಶ ಬಹಳ ಕಾಲ ಸಾಲಗಾರನಾಗಿತ್ತು. ಸಾಲ ತೀರಿದ್ದು ಒಬ್ಬ ವಿದೇಶಿ ಲೇಖಕನ ಬರಹದಿಂದ, ಒಬ್ಬ ಹಳೆಯ ಸ್ಕ್ವಾಡ್ರನ್ ನಾಯಕನ ಹಟದಿಂದ. ತನೇಜಾ ಪತ್ರ ಬರೆಯದಿದ್ದರೆ ಆ ಪದಕ ಬರುತ್ತಿತ್ತೆಂದು ಯಾರೂ ಖಚಿತವಾಗಿ ಹೇಳಲಾರರು.

ಶೌರ್ಯಕ್ಕೆ ಸಾಕ್ಷಿ ಬೇಕು. ಯುದ್ಧಭೂಮಿಯಲ್ಲಿ ಸಾಕ್ಷಿ ಸದಾ ಸಿಗುವುದಿಲ್ಲ. ಸಿಕ್ಕ ಸಾಕ್ಷಿಯೂ ವಯಸ್ಸಾಗಿ ಕಣ್ಮುಚ್ಚುತ್ತದೆ. 1965ರಲ್ಲಿ ಇಪ್ಪತ್ತೈದರ ಯುವಕರಾಗಿದ್ದವರು ಇಂದು ಎಂಬತ್ತೈದು ದಾಟಿದ್ದಾರೆ. ಕೊಡಗಿನ ಐನ್‌ಮನೆಗಳಲ್ಲಿ, ಬೆಳಗಾವಿ, ಧಾರವಾಡ ಕಡೆಯ ಹಳ್ಳಿಗಳಲ್ಲಿ, ರಾಜ್ಯದ ಗಡಿಯಾಚೆ ಕನ್ನಡದಲ್ಲೇ ಬಾಳುವ ತಾಳವಾಡಿ, ಕಾಸರಗೋಡಿನ ಊರುಗಳಲ್ಲಿ ಸೇನೆಯಿಂದ ನಿವೃತ್ತರಾದ ಅಜ್ಜಂದಿರು ಈಗಲೂ ಇದ್ದರೆ, ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಬೇಕಾದ ಸಮಯ ಇದೇ. ಅವರ ಸೇವಾ ಪುಸ್ತಕ, ಪತ್ರ, ಫೋಟೋಗಳನ್ನು ಜೋಪಾನ ಮಾಡಬೇಕು. ಶಾಲೆಯ ಮಕ್ಕಳು ಅವರ ಬಳಿ ಕೂತು ಕೇಳಬೇಕು, ಕೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕು. ದೇವಯ್ಯನವರ ಕಥೆಯನ್ನು ಶತ್ರುದೇಶದ ದೃಷ್ಟಿಯಿಂದ ಬರೆದ ಪುಸ್ತಕದಿಂದ ತಿಳಿಯಬೇಕಾಯಿತು. ಇನ್ನೊಬ್ಬ ಯೋಧನ ಕಥೆಗೆ ಹಾಗಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.